ಪಶ್ಚಿಮಕ್ಕೆ ತಿರುಗಿದ ಕೂಡಲೇ ಕಂಪಾಸ್ ಎಂಟು ಡಿಗ್ರಿ ತಪ್ಪು ತೋರಿಸುತ್ತೆ, ಬದಲಾಯಿಸಬೇಕಾ?

ನೀವು ಬರೆದಿರೋದು ಇಷ್ಟು: ಮಾವನ ಟ್ರಾಲ್ ಬೋಟ್ ಮಲ್ಪೆಯಿಂದ ಉತ್ತರಕ್ಕೆ ಹೋಗುವಾಗ ಕಂಪಾಸೂ ಜಿಪಿಎಸ್ಸೂ ಹೆಚ್ಚುಕಮ್ಮಿ ಒಂದೇ; ಪಶ್ಚಿಮಕ್ಕೆ ತಿರುಗಿದರೆ ಕಂಪಾಸಿನಲ್ಲಿ 270, ಜಿಪಿಎಸ್‌ನಲ್ಲಿ 262. ದುಡ್ಡು ಖರ್ಚು ಮಾಡಬೇಡಿ. ಕಂಪಾಸ್ ಕೆಟ್ಟಿರೋ ಹಾಗೆ ಕಾಣ್ತಿಲ್ಲ.

ನಾನು ಹಲವು ವರ್ಷ ಸರಕು ಹಡಗಿನಲ್ಲಿದ್ದವನು. ಕಂಪಾಸಿನ ತಪ್ಪಿನಲ್ಲಿ ಎರಡು ಪಾಲು. ಮೊದಲನೆಯದು ಭೂಮಿಯದು, ‘ವೇರಿಯೇಶನ್’. ಸೂಜಿ ತೋರಿಸೋದು ನಿಜವಾದ ಉತ್ತರವನ್ನಲ್ಲ, ಅಯಸ್ಕಾಂತೀಯ ಉತ್ತರವನ್ನು. ಕೇಪ್‌ಟೌನ್ ಹತ್ತಿರ ಇದು ಪಶ್ಚಿಮಕ್ಕೆ ಸುಮಾರು 25 ಡಿಗ್ರಿ. ಅಲ್ಲಿ ಲೆಕ್ಕ ಮರೆತರೆ ಕಥೆ ಮುಗೀತು. ನಮ್ಮ ಕರಾವಳಿಯಲ್ಲಿ ಎರಡು ಡಿಗ್ರಿಯೂ ಇಲ್ಲ. ಚಾರ್ಟಿನ (ಸಮುದ್ರದ ನಕ್ಷೆಯ) ದಿಕ್ಕಿನ ಚಕ್ರದೊಳಗೆ ವೇರಿಯೇಶನ್ ಎಷ್ಟು, ಯಾವ ಇಸವಿಯದು, ವರ್ಷಕ್ಕೆಷ್ಟು ಬದಲಾಗುತ್ತೆ ಅನ್ನೋದನ್ನೂ ಅಚ್ಚು ಹಾಕಿರ್ತಾರೆ.

ನಿಮ್ಮನ್ನು ಕಾಡ್ತಿರೋದು ಎರಡನೆಯದು, ‘ಡೀವಿಯೇಶನ್’. ಬೋಟಿನ ಕಬ್ಬಿಣ, ಎಂಜಿನ್, ವೈರು ಸೂಜಿಯನ್ನು ಎಳೆಯೋದರಿಂದ ಆಗೋದು. ಬೋಟ್ ತಿರುಗಿದಾಗ ಆ ಕಬ್ಬಿಣವೂ ಜೊತೆಗೇ ತಿರುಗುತ್ತೆ, ಸೂಜಿ ಮಾತ್ರ ಉತ್ತರಕ್ಕೇ ನಿಲ್ಲೋಕೆ ನೋಡುತ್ತೆ. ಅದಕ್ಕೇ ಒಂದೊಂದು ದಿಕ್ಕಿಗೆ ಒಂದೊಂದು ತಪ್ಪು. ‘ಯಾವಾಗಲೂ ಎಂಟು ಕಳೆದರಾಯ್ತು’ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಕೆಡೆಟ್ (ತರಬೇತಿಯ ಹುಡುಗ) ಆಗಿದ್ದಾಗ ಹಡಗಿನ ತುತ್ತತುದಿಯ ಡೆಕ್ಕಿನಲ್ಲಿ ತುಕ್ಕು ಕೆರೆದು, ಸುತ್ತಿಗೆಯನ್ನೂ ಬಣ್ಣದ ಡಬ್ಬಿಯನ್ನೂ ಕಂಪಾಸಿನ ಪೀಠದ ಬುಡದಲ್ಲೇ ಬಿಟ್ಟು ಊಟಕ್ಕೆ ಇಳಿದಿದ್ದೆ. ಕಾವಲಿನಲ್ಲಿದ್ದ ಆಫೀಸರ್ ಗೈರೋ (ಅಯಸ್ಕಾಂತವಿಲ್ಲದೆ ಉತ್ತರ ತೋರಿಸೋ ಕಂಪಾಸ್) ಜೊತೆ ಹೋಲಿಸಿ ನೋಡಿದರೆ ನಾಲ್ಕು ಡಿಗ್ರಿ ವ್ಯತ್ಯಾಸ. ಆವತ್ತು ಬೈಸಿಕೊಂಡದ್ದು ಇವತ್ತಿಗೂ ನೆನಪಿದೆ.

ಹಾಗಾಗಿ ಮೊದಲು ವೀಲ್‌ಹೌಸಿನೊಳಗೆ (ಚುಕ್ಕಾಣಿ ಇರೋ ಕೋಣೆಗೆ) ಹೋಗಿ ನೋಡಿ. ಕಂಪಾಸಿನ ಮುಂದೆಯೋ ಹಿಂದೆಯೋ ಸ್ಪೀಕರ್ ಇದೆಯಾ? ತಾಂಡೇಲರು (ಬೋಟ್ ನಡೆಸುವವರು) ಮೊಬೈಲ್ ಅಲ್ಲೇ ಇಡ್ತಾರಾ? ತೆಗೆದು ಆಚೆ ಇಟ್ಟು, ಮತ್ತೆ ಪಶ್ಚಿಮಕ್ಕೆ ಓಡಿಸಿ.

ಆಮೇಲೆ ಪೂರ್ವಕ್ಕೂ ಓಡಿಸಿ. ಅಲ್ಲಿ ವ್ಯತ್ಯಾಸ ಉಲ್ಟಾ ಆಗಿ ಜಿಪಿಎಸ್ 96ರ ಆಸುಪಾಸು, ಕಂಪಾಸ್ 90 ಅಂತ ಬಂದರೆ, ಕಂಪಾಸಿನ ಮುಂದೆ-ಹಿಂದಿನ ಗೆರೆಯಲ್ಲಿ ಏನೋ ಎಳೀತಿದೆ ಅಂತ ಅರ್ಥ. ಕಂಪಾಸ್ ಸರಿಮಾಡುವವರು ಪುಟ್ಟ ಅಯಸ್ಕಾಂತಗಳನ್ನು ಅದೇ ಗೆರೆಯ ಉದ್ದಕ್ಕೆ ಕೂರಿಸಿ ಕಮ್ಮಿ ಮಾಡ್ತಾರೆ. ಎಲ್ಲ ದಿಕ್ಕಿನಲ್ಲೂ ಒಂದೇ ತಪ್ಪು ಬಂದರೆ ಕಂಪಾಸನ್ನೇ ಓರೆಯಾಗಿ ಕೂರಿಸಿರ್ತಾರೆ, ಸ್ಕ್ರೂ ಸಡಿಲಿಸಿ ತಿರುಗಿಸಿದರೆ ಮುಗೀತು.

ಒಂದು ಎಚ್ಚರಿಕೆ. ಜಿಪಿಎಸ್ ಹೇಳೋದು ಬೋಟ್ ಹೋಗ್ತಿರೋ ದಾರಿಯನ್ನು, ಅದರ ಮುಂಬದಿ ಎತ್ತ ನೋಡ್ತಿದೆ ಅನ್ನೋದನ್ನಲ್ಲ. ನೀರಿನ ಸೆಳೆತ ಅಡ್ಡಕ್ಕಿದ್ದರೆ ಎರಡೂ ಬೇರೆಬೇರೆ. ಗಾಳಿ-ಸೆಳೆತ ಇಲ್ಲದ ಬೆಳಿಗ್ಗೆ ನೋಡಿ. ಇನ್ನೂ ಒಳ್ಳೆಯದು, ಚಾರ್ಟಿನಲ್ಲಿ ಗುರುತಿರೋ ಎರಡು ವಸ್ತು ಒಂದೇ ಗೆರೆಯಲ್ಲಿ ಕಾಣೋ ಜಾಗ ಹುಡುಕಿ, ಬೋಟಿನ ಮುಂಬದಿಯನ್ನು ಅವುಗಳತ್ತ ನೇರ ಹಿಡಿದು, ಚಾರ್ಟಿನಲ್ಲಿ ಅಳೆದ ದಿಕ್ಕಿನ ಜೊತೆ ಕಂಪಾಸ್ ಹೋಲಿಸಿ.

ಲೆಕ್ಕಕ್ಕೆ ನಾವು ಕಲಿತ ಸೂತ್ರ ‘ಕ್ಯಾಡ್‌ಬರೀಸ್ ಡೈರಿ ಮಿಲ್ಕ್ ವೆರಿ ಟೇಸ್ಟಿ’: ಕಂಪಾಸ್, ಡೀವಿಯೇಶನ್, ಮ್ಯಾಗ್ನೆಟಿಕ್, ವೇರಿಯೇಶನ್, ಟ್ರೂ. ಈ ಕ್ರಮದಲ್ಲಿ ಹೋಗುವಾಗ ಪೂರ್ವವನ್ನು ಕೂಡಿ, ಪಶ್ಚಿಮವನ್ನು ಕಳೆಯಿರಿ. ನಿಮ್ಮದು 270, ಡೀವಿಯೇಶನ್ ಪಶ್ಚಿಮ 7 ಅಂದರೆ 263. ವೇರಿಯೇಶನ್ ಪಶ್ಚಿಮ 1, ಸಿಕ್ಕಿತು 262.

ಎಂಟು ದಿಕ್ಕಿಗೂ ಹೀಗೆ ನೋಡಿ ಬರೆದು ಚುಕ್ಕಾಣಿ ಪಕ್ಕ ಅಂಟಿಸಿ. ವೀಲ್‌ಹೌಸಿನಲ್ಲಿ ವೆಲ್ಡಿಂಗ್ ಆದರೆ ಆ ಚೀಟಿ ಹರಿದು ಹೊಸದಾಗಿ ಬರೀಬೇಕು.