ಕೈ ವಾಪಸ್ ಬಂತು, ಸರಿ. ಆಮೇಲೆ?

ನಮಸ್ಕಾರ.

ನೀವು ಕಳಿಸಿದ ‘ದೇಹವೆಂಬ ದೋಣಿ’ ಓದಿದೆ. ಇದನ್ನು ಹೀಗೇ ಅಚ್ಚು ಹಾಕಲು ಆಗುವುದಿಲ್ಲ. ಆದರೆ ‘ಪ್ರಕಟಣೆಗೆ ಆಯ್ಕೆಯಾಗಿಲ್ಲ’ ಅಂತ ಒಂದು ಸಾಲು ಬರೆದು ಸುಮ್ಮನಾಗಲು ಮನಸ್ಸು ಬರಲಿಲ್ಲ. ನಿಮ್ಮ ಹೆಸರು ಬಿಟ್ಟು ಇಲ್ಲೇ ಉತ್ತರ ಬರೆಯುತ್ತಿದ್ದೇನೆ, ಬೇರೆ ಬರಹಗಾರರೂ ಓದಲಿ.

ಮೊದಲು ಅವರಿಗೆ ವಿಷಯ ಹೇಳಿಬಿಡುತ್ತೇನೆ. ಬರೆದವರು ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು, ಅರವತ್ತು ದಾಟಿದವರು. ಎರಡು ವರ್ಷದಿಂದ ಎದೆಬಡಿತ ತಾಳ ತಪ್ಪುವ ತೊಂದರೆ ಇದೆ. ಡಾಕ್ಟರು ಏಟ್ರಿಯಲ್ ಫಿಬ್ರಿಲೇಷನ್ ಅನ್ನುವುದು ಇದಕ್ಕೇ. ರಕ್ತ ಹೆಪ್ಪುಗಟ್ಟದಿರಲಿ ಅಂತ ಮಾತ್ರೆ ಬರೆದುಕೊಟ್ಟಿದ್ದರು. ಮೆಕ್ಕೆಜೋಳದ ಸೀಸನ್ನಿನಲ್ಲಿ ಒಂದು ಬೆಳಿಗ್ಗೆ ರೈತರಿಗೆ ಪಟ್ಟಿ ಬರೆಯುತ್ತಾ ಕೂತಿದ್ದಾಗ ಇವರ ಬಲಗೈ ಇದ್ದಕ್ಕಿದ್ದಂತೆ ಮಾತು ಕೇಳಲಿಲ್ಲ. ಹತ್ತು ನಿಮಿಷಕ್ಕೆ ತಾನಾಗಿ ಸರಿಹೋಯಿತು. ‘ದೇವರು ದೊಡ್ಡವನು’ ಅಂತ ಬರಹವೂ ಅಲ್ಲಿಗೇ ಮುಗಿಯುತ್ತದೆ.

ಮೊದಲ ಎರಡು ಪುಟ ಪೂರ್ತಿ ಹೊಡೆದುಹಾಕಿ. ಕಾಯ ನಶ್ವರ, ಬದುಕು ನೀರ ಮೇಲಣ ಗುಳ್ಳೆ, ಎಲ್ಲ ವಿಧಿಯಾಟ. ಇದನ್ನು ಕಾಲು ಉಳುಕಿದವರೂ ಬರೆಯಬಹುದು. ನಿಮ್ಮ ಕೈಗೂ ಈ ಸಾಲುಗಳಿಗೂ ಸಂಬಂಧವೇ ಇಲ್ಲ. ಆಮೇಲೆ ಅರ್ಧ ಪುಟ ಬೆಣ್ಣೆ ದೋಸೆ. ದಾವಣಗೆರೆ ಅಂದ ತಕ್ಷಣ ಎಲ್ಲರೂ ದೋಸೆ ಹೊಯ್ಯಲೇಬೇಕು ಅಂತ ಕಾನೂನಿದೆಯಾ? ನೀವು ಮೂವತ್ತು ವರ್ಷ ಕೂತ ಯಾರ್ಡ್ ಇದೆಯಲ್ಲ. ಜೋಳದ ಧೂಳು, ಚೀಲಕ್ಕೆ ಕೊಕ್ಕೆ ಹಾಕುವ ಸದ್ದು, ತೇವಾಂಶ ಜಾಸ್ತಿ ಅಂತ ರೇಟು ಇಳಿಸುವಾಗಿನ ಜಗಳ. ಅದು ಒಂದು ಸಾಲೂ ಬಂದಿಲ್ಲ.

ಮೂರನೇ ಪುಟಕ್ಕೆ ಬಂದಾಗ ನಾನು ಎದ್ದು ಕೂತೆ. ನೀವು ಬರೆದಿದ್ದೀರಿ: ‘ಪೆನ್ನು ಜಾರಿತು. ಎತ್ತಿಕೊಳ್ಳಲು ಹೋದೆ. ಕೈ ಪೆನ್ನಿನ ಹತ್ತಿರ ಹೋಗಲಿಲ್ಲ, ಸ್ಟಾಂಪ್ ಪ್ಯಾಡಿನ ಮೇಲೆ ಹೋಗಿ ಬಿತ್ತು. ಬೆರಳಿಗೆಲ್ಲ ನೇರಳೆ ಮಸಿ. ಯಾರದೋ ಕೈ ನೋಡಿದ ಹಾಗೆ ನೋಡುತ್ತಾ ಕೂತೆ.’

ಸ್ವಾಮಿ, ಇದು ಬರಹ. ‘ಯಾರದೋ ಕೈ’ ಅನ್ನುವ ಕೊನೆಯ ಸಾಲು ತೆಗೆಯಿರಿ. ಸ್ಟಾಂಪ್ ಪ್ಯಾಡು ಅದನ್ನು ಆಗಲೇ ಹೇಳಿಬಿಟ್ಟಿದೆ.

ಆದರೆ ಇಷ್ಟು ಬರೆದವರು ಮುಂದಿನ ಸಾಲಿಗೇ ಓಡಿಹೋಗಿದ್ದೀರಿ. ‘ಹಮಾಲಿ ಯಾಕ್ರೀ ಗುಮಾಸ್ತರೇ ಸುಮ್ನಾದ್ರಿ ಅಂದ, ನಾನು ಏನೋ ಹೇಳಿದೆ’ ಅಂತ ಇದೆ. ಏನೋ ಅಂದರೆ ಏನು? ಮಾತು ನೆಟ್ಟಗೆ ಬಂತಾ, ತೊದಲಿತಾ? ಬಾಯಿ ಒಂದು ಕಡೆ ಸೊಟ್ಟಗಾಗಿತ್ತಾ? ನಿಮ್ಮ ಮುಖ ನೀವು ನೋಡಿಕೊಂಡಿಲ್ಲ, ಹಮಾಲಿ ನೋಡಿದ್ದಾನೆ. ಹೋಗಿ ಕೇಳಿ. ಕೈ ಒಂದೇ ಸಲ ಹೋಯಿತಾ, ಬೆರಳಿಂದ ಶುರುವಾಗಿ ನಿಧಾನಕ್ಕೆ ಮೇಲೇರಿತಾ? ಜೋಮು ಹಿಡಿದ ಹಾಗೆ ಚುಚ್ಚುತ್ತಿತ್ತಾ, ಇಲ್ಲ ಸುಮ್ನೆ ಹತೋಟಿ ತಪ್ಪಿತಾ? ಎಷ್ಟು ಗಂಟೆಗೆ? ಆ ದಿನದ ಪಟ್ಟಿ ಪುಸ್ತಕದ ಕಾರ್ಬನ್ ಪ್ರತಿ ಅಂಗಡಿಯಲ್ಲೇ ಇರಬೇಕಲ್ವಾ? ತೆಗೆದು ನೋಡಿ. ಯಾವ ರೈತನ ಹೆಸರಿನ ಮುಂದೆ, ಎಷ್ಟನೇ ಅಂಕಿಗೆ ಅಕ್ಷರ ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಇಂಥ ಸಾಕ್ಷಿ ಎಷ್ಟು ಜನ ಬರಹಗಾರರಿಗೆ ಸಿಗುತ್ತದೆ ಹೇಳಿ.

ಬರಹ ಚೆಂದ ಆಗಲಿ ಅಂತ ಮಾತ್ರ ಇಷ್ಟು ಕೆದಕುತ್ತಿಲ್ಲ. ಆರೋಗ್ಯದ ಬರಹ ಬಂದರೆ ನಮಗೆ ಪರಿಚಯದ ನರರೋಗದ ಡಾಕ್ಟರೊಬ್ಬರಿಗೆ ತೋರಿಸುತ್ತೇವೆ. ನಿಮ್ಮ ಬರಹ ಓದಿ ಅವರೂ ಇವೇ ಪ್ರಶ್ನೆ ಕೇಳಿದರು. ಕೈ ಸರಿಹೋದ ಮೇಲೆ ಆಸ್ಪತ್ರೆಗೆ ಬಂದವರಲ್ಲಿ ಡಾಕ್ಟರಿಗೆ ಕಾಣುವಂಥದ್ದು ಬಹಳ ಸಲ ಏನೂ ಉಳಿದಿರುವುದಿಲ್ಲವಂತೆ. ಮುಷ್ಟಿ ಬಿಗಿ ಅಂದರೆ ಬಿಗಿಯುತ್ತಾರೆ, ಸಿಟಿ ಸ್ಕ್ಯಾನ್ ನಾರ್ಮಲ್ ಬರುತ್ತದೆ. ಆಗ ಇದು ಮೆದುಳಿನದ್ದಾ, ಕತ್ತಿನ ನರದ್ದಾ, ಕೈ ಅಡಿಗೆ ಹಾಕಿ ಮಲಗಿದ್ದಕ್ಕಾ ಅಂತ ತೀರ್ಮಾನ ಆಗುವುದು ಹೆಚ್ಚಾಗಿ ರೋಗಿ ಹೇಳುವ ಕಥೆಯ ಮೇಲೆಯೇ. ‘ಏನೋ ಆಯ್ತು ಡಾಕ್ಟ್ರೇ, ಈಗ ಆರಾಮಿದ್ದೀನಿ’ ಅಂದುಬಿಟ್ಟರೆ ಅವರಿಗೂ ಕಷ್ಟ.

ನಾಲ್ಕನೇ ಪುಟದ ‘ಹೃತ್ಕರ್ಣಗಳ ಅನಿಯಮಿತ ಕಂಪನದ ಪರಿಣಾಮವಾಗಿ’ ಅನ್ನುವ ದೊಡ್ಡ ಪ್ಯಾರಾ ನಿಮ್ಮದಲ್ಲ. ಎಲ್ಲಿಂದಲೋ ಎತ್ತಿದ್ದು ಅಂತ ಮೊದಲ ಸಾಲಿಗೇ ಗೊತ್ತಾಗುತ್ತದೆ. ಅಷ್ಟು ಬೇಡವೇ ಬೇಡ. ಹೃದಯದ ಮೇಲಿನ ಎರಡು ಕೋಣೆ ಸರಿಯಾಗಿ ಹಿಂಡದೆ ಅದುರುತ್ತಾ ಇರುತ್ತವೆ. ಎಡಗಡೆ ಕೋಣೆಯಲ್ಲಿ ಸಣ್ಣ ಚೀಲದಂಥ ಒಂದು ಮೂಲೆ ಇದೆ, ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಅದರ ಚೂರು ಕತ್ತಿನ ರಕ್ತನಾಳ ಹಿಡಿದು ಮೆದುಳಿಗೆ ಹೋಗಿ ಸಿಕ್ಕಿಕೊಂಡರೆ ಕೈ ಹೋಗುತ್ತದೆ. ಚೂರು ತಾನೇ ಕರಗಿದರೆ ಕೈ ವಾಪಸ್, ಕರಗದಿದ್ದರೆ ಲಕ್ವ. ಈ ಕಾಯಿಲೆ ಇದ್ದವರಿಗೆ ಲಕ್ವ ಹೊಡೆಯುವ ಸಂಭವ ಇಲ್ಲದವರಿಗಿಂತ ಸುಮಾರು 5 ಪಟ್ಟು ಜಾಸ್ತಿ. ಇಷ್ಟು ಸಾಕು. ಇನ್ನೊಂದು ತಪ್ಪಿದೆ. ಬಲಗೈ ಹೋದರೆ ಪೆಟ್ಟು ಬಿದ್ದಿರುವುದು ಮೆದುಳಿನ ಎಡಭಾಗಕ್ಕೆ. ನೀವು ಉಲ್ಟಾ ಬರೆದಿದ್ದೀರಿ.

ಈಗ ಮುಖ್ಯ ತಕರಾರು. ನಿಮ್ಮ ಬರಹಕ್ಕಿಂತ ಅದರ ಜೊತೆ ಪಿನ್ ಹೊಡೆದು ಕಳಿಸಿದ ಚೀಟಿ ಚೆನ್ನಾಗಿದೆ. ಅದರಲ್ಲಿದ್ದದ್ದು ಇದು: ‘ಹಲ್ಲು ಕೀಳಿಸುವುದಿತ್ತು. ಆ ಮಾತ್ರೆ ತಗೊಂಡರೆ ರಕ್ತ ನಿಲ್ಲಲ್ಲ ಅಂತ ಪಕ್ಕದ ಅಂಗಡಿಯವರು ಅಂದರು. ನಾನೇ ಬಿಟ್ಟೆ. ಕೀಳಿಸಿದ ಮೇಲೂ ದವಡೆ ನೋವಿತ್ತು, ಶುರು ಮಾಡಲಿಲ್ಲ. ಕೈಯದ್ದು ಮನೆಯಲ್ಲಿ ಹೇಳಲಿಲ್ಲ. ಮೂರನೇ ದಿನ ಚಿತ್ರದುರ್ಗದಿಂದ ಮಗಳು ಫೋನ್ ಮಾಡಿದಾಗ ಬಾಯಿ ಬಿಟ್ಟೆ, ಬೈದಳು. ಅವತ್ತೇ ಆಸ್ಪತ್ರೆಗೆ ಹೋದೆ. ಎಂಆರ್‌ಐನಲ್ಲಿ ಸಣ್ಣ ಚುಕ್ಕೆ ಇದೆ ಅಂದರು.’

ಇಡೀ ಕಥೆಯನ್ನು ಚೀಟಿಯಲ್ಲಿ ಇಟ್ಟು, ಬರಹಕ್ಕೆ ದೋಣಿ ತಂದಿದ್ದೀರಿ!

ಕೈ ವಾಪಸ್ ಬಂದಲ್ಲಿಗೆ ನೀವು ಮುಗಿಸಿದ್ದೀರಿ. ನನ್ನ ಪ್ರಕಾರ ಬರಹ ಶುರುವಾಗುವುದೇ ಅಲ್ಲಿಂದ. ಹೀಗೆ ಬಂದು ಹೋದ ಮೇಲೆ ದೊಡ್ಡ ಲಕ್ವ ಹೊಡೆಯುವ ಅಪಾಯ ಹೆಚ್ಚಿರುವುದು ಮೊದಲ 48 ಗಂಟೆಯಲ್ಲಿ. ಆ 48 ಗಂಟೆ ನೀವು ಏನು ಮಾಡಿದಿರಿ? ರಾತ್ರಿ ಎದ್ದು ಬೆರಳು ಮಡಚಿ ನೋಡಿಕೊಂಡಿರಾ? ಮನೆಯವರ ಮುಂದೆ ಟೀ ಲೋಟ ಯಾವ ಕೈಯಲ್ಲಿ ಹಿಡಿದಿರಿ? ಯಾಕೆ ಹೇಳಲಿಲ್ಲ? ಸೀಸನ್ನಿನಲ್ಲಿ ರಜೆ ಹಾಕಿದರೆ ಸಾಹುಕಾರರು ಆ ಗಲ್ಲಾಪೆಟ್ಟಿಗೆ ಮುಂದೆ ಬೇರೆಯವರನ್ನು ಕೂರಿಸಿಬಿಡುತ್ತಾರೆ ಅನ್ನುವ ಭಯವಾ? ಇದು ನನ್ನ ಊಹೆ. ನಿಜವಾದರೆ ಬರೆಯಿರಿ. ಎರಡು ಮೆಡಿಕಲ್ ಕಾಲೇಜು ಇರುವ ಊರು ನಮ್ಮದು, ಯಾರ್ಡಿನ ಗೇಟಿನಲ್ಲಿ ಆಟೋ ನಿಂತಿರುತ್ತದೆ. ಆದರೂ ಮನುಷ್ಯ ಪಟ್ಟಿ ಬರೆಯುತ್ತಾ ಕೂತಿದ್ದ ಅಂದರೆ ಅದಕ್ಕೆ ಏನೋ ಕಾರಣ ಇರಲೇಬೇಕು. ನಿಮ್ಮ ಓದುಗರಲ್ಲಿ ಅರ್ಧಕ್ಕರ್ಧ ಜನ ಅದನ್ನೇ ಮಾಡುವವರು.

ಮಾತ್ರೆ ವಿಷಯ ಬರೆಯುವಾಗ ಹುಷಾರು. ಆ ಮಾತ್ರೆ ರಕ್ತವನ್ನು ನೀರು ಮಾಡುವುದಿಲ್ಲ, ಹೆಪ್ಪುಗಟ್ಟುವುದನ್ನು ತಡೆಯುತ್ತದೆ ಅಷ್ಟೇ. ನಿಮ್ಮದು ಅಪಿಕ್ಸಬಾನ್ ಅಂತ ಬರೆದಿದ್ದೀರಿ. ಅದನ್ನು ದಿನಕ್ಕೆ ಎರಡು ಸಲ ಕೊಡುವುದೇ ಯಾಕೆಂದರೆ ಸುಮಾರು 12 ಗಂಟೆಗೆ ಮೈಯಲ್ಲಿ ಅರ್ಧ ಇಳಿದಿರುತ್ತದೆ. ಹಳೆಯ ವಾರ್ಫರಿನ್ ಆದರೆ ಬಿಟ್ಟ ಮೇಲೂ ಕೆಲವು ದಿನ ಎಳೆಯುತ್ತದೆ. ಇದು ಹಾಗಲ್ಲ, ಒಂದೆರಡು ದಿನ ಬಿಟ್ಟರೆ ಕಾವಲು ಎದ್ದುಹೋದ ಹಾಗೆ. ಒಂದು ಹಲ್ಲು ಕೀಳಿಸಲು ಹೆಚ್ಚಿನವರಿಗೆ ದಿನಗಟ್ಟಲೆ ನಿಲ್ಲಿಸುವ ಅಗತ್ಯವೇ ಬೀಳುವುದಿಲ್ಲ. ಅದನ್ನು ಹೇಳಬೇಕಾದವರು ಮಾತ್ರೆ ಬರೆದ ಡಾಕ್ಟರು ಮತ್ತು ಹಲ್ಲಿನ ಡಾಕ್ಟರು. ಪಕ್ಕದ ಅಂಗಡಿಯವರ ಮಾತು ಇರಲಿ, ಅವರು ಹೇಳಿದ ಧಾಟಿಯಲ್ಲೇ ಇರಲಿ. ಆದರೆ ಅದು ಸರಿ ಅನ್ನುವ ಹಾಗೆ ಓದುಗರಿಗೆ ಕಾಣಬಾರದು.

‘ಮಿನಿ ಸ್ಟ್ರೋಕ್’ ಅಂತ ಬರೆದಿದ್ದೀರಿ. ಮೊದಲೆಲ್ಲ 24 ಗಂಟೆಯೊಳಗೆ ಪೂರ್ತಿ ಸರಿಹೋದರೆ ಹಾಗೇ ಕರೆಯುತ್ತಿದ್ದರಂತೆ. ಈಗ ಎಷ್ಟು ಬೇಗ ಸರಿಹೋದರೂ ಸ್ಕ್ಯಾನಿನಲ್ಲಿ ಅದರದ್ದೇ ಹೊಸ ಗಾಯ ಕಂಡರೆ ಅದನ್ನು ಸ್ಟ್ರೋಕ್ ಅಂತಲೇ ಲೆಕ್ಕ ಹಿಡಿಯುತ್ತಾರೆ. ನಿಮ್ಮ ಚುಕ್ಕೆ ಹೊಸದೋ ಹಳೆಯದೋ ಕೇಳಿಕೊಂಡು ಬರೆಯಿರಿ.

ಎಣ್ಣೆ ಪ್ರಸಂಗಕ್ಕೆ ಬರುತ್ತೇನೆ. ಸಾಹುಕಾರರು ಬೇವಿನೆಣ್ಣೆ ತರಿಸಿ ತಾವೇ ಕೈಗೆ ತಿಕ್ಕಿದ್ದು ಇರಲಿ, ಅದರಲ್ಲಿ ಆ ಮನುಷ್ಯನ ಗಾಬರಿ ಮತ್ತು ಪ್ರೀತಿ ಎರಡೂ ಕಾಣುತ್ತವೆ. ಆದರೆ ‘ಎಣ್ಣೆ ತಿಕ್ಕಿದರು, ಕೈ ಬಂತು’ ಅನ್ನುವ ಜೋಡಣೆ ಬೇಡ. ತಿಕ್ಕದಿದ್ದರೂ ಬರುತ್ತಿತ್ತು. ಇಂಥವು ಬಹಳಷ್ಟು ಒಂದು ಗಂಟೆಯೊಳಗೆ ತಾವೇ ಹೋಗುತ್ತವೆ, ಆ ಹೊತ್ತಿನಲ್ಲಿ ಯಾರು ಏನು ಹಚ್ಚಿದರೂ ಹೆಸರು ಅದಕ್ಕೇ. ನಮ್ಮ ಕಡೆ ಲಕ್ವದ ನಾಟಿ ಔಷಧಿಗೆ ಇರುವ ಹೆಸರಿನಲ್ಲಿ ಇಂಥ ಹತ್ತು ನಿಮಿಷಗಳ ಪಾಲು ಎಷ್ಟಿದೆಯೋ! ಔಷಧಿ ಕೊಡುವ ಊರು, ವಾರ, ಬಸ್ಸಿನ ವಿವರ ಎಲ್ಲ ಬರೆದಿದ್ದೀರಿ. ಅಷ್ಟನ್ನೂ ನಾನು ತೆಗೆಯುತ್ತೇನೆ, ಇದರಲ್ಲಿ ಚೌಕಾಸಿ ಇಲ್ಲ. ಅಂಗಡಿಯಲ್ಲೇ ಯಾರೋ ಕೊಟ್ಟ ಆಸ್ಪಿರಿನ್ ನುಂಗಿದ್ದು ಇರಬೇಕಾದರೆ, ಮೆದುಳಲ್ಲಿ ರಕ್ತ ಕಟ್ಟಿದೆಯೋ ಸೋರಿದೆಯೋ ಸ್ಕ್ಯಾನ್ ಮಾಡದೆ ಗೊತ್ತಾಗುವುದಿಲ್ಲ ಅನ್ನುವುದೂ ಜೊತೆಗೇ ಇರಬೇಕು. ಕೈ ಹೋದರೆ ಗಡಿಯಾರ ನೋಡಿಕೊಂಡು 108ಕ್ಕೆ ಫೋನ್ ಮಾಡಬೇಕು, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದಾದರೆ 4.5 ಗಂಟೆಯೊಳಗೆ ಅನ್ನುವುದನ್ನು ನಾವು ಕೊನೆಯಲ್ಲಿ ಬಾಕ್ಸ್ ಮಾಡಿ ಹಾಕುತ್ತೇವೆ. ಅದನ್ನು ನೀವು ಬರಹದೊಳಗೆ ತುರುಕಬೇಡಿ.

ಮಗಳ ಫೋನು ಪೂರ್ತಿ ಬೇಕು. ‘ಬೈದಳು’ ಅಂದರೆ ಸಾಲದು. ಅಪ್ಪಾಜಿ ಅಂತ ಶುರು ಮಾಡಿದಳಾ, ನೇರ ಬೈಗುಳಕ್ಕೇ ಇಳಿದಳಾ? ನೀವು ಹಲ್ಲಿನ ಕಥೆ ಮೊದಲು ಹೇಳಿದಿರಾ, ಕೈಯದ್ದಾ? ಅವಳಿಗೂ ಒಂದು ಸಲ ಕೇಳಿ, ಅವಳ ನೆನಪು ಬೇರೆ ಇರಬಹುದು.

ಒಂದು ಸಾವಿರ ಪದದೊಳಗೆ ಮತ್ತೆ ಬರೆದು ಕಳಿಸಿ. ಆಸ್ಪತ್ರೆ, ಡಾಕ್ಟರ ಹೆಸರು ಬೇಡ. ಅವಸರವೂ ಇಲ್ಲ, ಸೀಸನ್ ಮುಗಿಯಲಿ. ಆದರೆ ಮಾತ್ರೆ ಮತ್ತೆ ಶುರು ಮಾಡಿದ್ದೀರೋ ಇಲ್ಲವೋ ಬರಹದಲ್ಲೂ ಇಲ್ಲ, ಚೀಟಿಯಲ್ಲೂ ಇಲ್ಲ. ಅದಕ್ಕೆ ಮಾತ್ರ ತಿದ್ದಿದ ಪ್ರತಿ ಬರುವ ತನಕ ಕಾಯಿಸಬೇಡಿ, ಇವತ್ತೇ ಆಫೀಸಿಗೆ ಒಂದು ಫೋನ್ ಮಾಡಿ.