ತಾತನ ಟ್ರಂಕು ತೂಕಕ್ಕೆ ಹಾಕಬೇಡಿ

ಪ್ರಶ್ನೆ: ನಮ್ಮ ತಾತ ಕಂಪನಿ ನಾಟಕಗಳಲ್ಲಿ ಹಾಸ್ಯಪಾತ್ರ ಮಾಡುತ್ತಿದ್ದರು. ಆಮೇಲೆ ಬೆಂಗಳೂರು ಆಕಾಶವಾಣಿಗೆ ನಗೆನಾಟಕ ಬರೆದು, ತಾವೇ ಪಾತ್ರವನ್ನೂ ಮಾಡುತ್ತಿದ್ದರು. ಅವರ ಟ್ರಂಕು ಅಟ್ಟದ ಮೇಲಿದೆ. ನೋಟ್‌ಬುಕ್ಕು, ಸ್ಕ್ರಿಪ್ಟು, ಹ್ಯಾಂಡ್‌ಬಿಲ್ಲು ಎಲ್ಲ ಕಲಸಿಹೋಗಿವೆ. ಒಳ್ಳೆಯ ಜೋಕು ಆರಿಸಿ ಪುಸ್ತಕ ಮಾಡಿಸಿ, ಮಿಕ್ಕಿದ್ದನ್ನು ಹಳೇ ಪೇಪರಿನವರಿಗೆ ಹಾಕೋಣ ಅಂತಾನೆ ನಮ್ಮಣ್ಣ. ಏನು ಮಾಡಲಿ ಮೇಡಂ?
— ಓದುಗಿ, ಹನುಮಂತನಗರ

ಉತ್ತರ: ಮೊದಲು ಟ್ರಂಕಿನ ಬೀಗದಕೈ ಅಣ್ಣನಿಗೆ ಸಿಗದ ಹಾಗೆ ನೋಡಿಕೊಳ್ಳಿ! ಹಳೇ ಕಾಗದ ಜೋಡಿಸಿ ಪಟ್ಟಿ ಮಾಡುವುದು ನನ್ನ ಕಸುಬು. ನಗೆಗಾರರ ಪೆಟ್ಟಿಗೆಯಲ್ಲಿ ಎಲ್ಲರೂ ಹುಡುಕುವುದು ಜೋಕು. ನಾನು ಹುಡುಕುವುದು ಹೊಡೆದುಹಾಕಿದ ಸಾಲು.

ರೇಡಿಯೋದಲ್ಲಿ ಬಾಯಿಗೆ ಬಂದದ್ದು ಹೇಳುವ ಹಾಗಿರಲಿಲ್ಲ ನೋಡಿ. ಸ್ಕ್ರಿಪ್ಟನ್ನು ಮೊದಲೇ ಯಾರಾದರೂ ಓದಿ ಒಪ್ಪಬೇಕು, ಒಪ್ಪದ ಸಾಲು ಹೊಡೆದುಹಾಕುತ್ತಿದ್ದರು. ಅಮೆರಿಕದ ನಗೆಗಾರ ಫ್ರೆಡ್ ಅಲೆನ್ ವರ್ಷಗಟ್ಟಲೆ ಇದರ ಜೊತೆ ಗುದ್ದಾಡಿದ. ಅವನು ಮೊದಲು ಇದ್ದದ್ದು ವಾಡ್‌ವಿಲ್ ಸ್ಟೇಜಿನಲ್ಲಿ. ವಾಡ್‌ವಿಲ್ ಅಂದರೆ ಹಾಡು, ಕುಣಿತ, ಜಾದೂ, ನಗೆ ಎಲ್ಲ ಒಂದೇ ಸಂಜೆಗೆ. ಅಲ್ಲಿ ಚೆಂಡು ಹಾರಿಸಿ ಹಿಡಿಯುತ್ತಾ ಜೋಕು ಹೇಳುತ್ತಿದ್ದವನು 1932ರಲ್ಲಿ ರೇಡಿಯೋಗೆ ಬಂದ. 1947ರಲ್ಲಿ ರೇಡಿಯೋ ಕಂಪನಿಯ ವೈಸ್ ಪ್ರೆಸಿಡೆಂಟರನ್ನೇ ಗೇಲಿ ಮಾಡಿದ. ಕಾರ್ಯಕ್ರಮದ ಮಧ್ಯೆ ಧ್ವನಿ ಕಟ್! ಕೇಳುವವರಿಗೆ ಸದ್ದೇ ಇಲ್ಲ. ಇಂಥ ಕಡೆ ಏನು ಹೇಳಲು ಹೊರಟಿದ್ದರು ಅನ್ನುವುದಕ್ಕೆ ಕಾಗದವೇ ಸಾಕ್ಷಿ. ಅಲೆನ್ ಹುಡುಗನಾಗಿದ್ದಾಗ ಬಾಸ್ಟನ್ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ. ಈಗ ಅವನ ಕಾಗದಗಳು ಇರುವುದೂ ಅಲ್ಲೇ.

ಕಂಪನಿ ನಾಟಕದ ಕಥೆ ಇನ್ನೊಂದು ಥರ. ಅಚ್ಚಾದ ನಾಟಕದ ಪುಸ್ತಕ ನಂಬಿದರೆ ಹಾಸ್ಯಗಾರ ಸಿಗುವುದೇ ಇಲ್ಲ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ನೋಡಿದವರಿಗೆ ಗೊತ್ತು, ಪೇಪರಿನ ಸುದ್ದಿ ಹಾಗೇ ಸ್ಟೇಜಿಗೆ ಬಂದುಬಿಡುತ್ತಿತ್ತು. ಇವತ್ತಿನ ಮಾತು ನಾಳೆಗಿಲ್ಲ. ನಿಮ್ಮ ತಾತನ ನೋಟ್‌ಬುಕ್ಕಿನ ಅಂಚಿನಲ್ಲಿ ಯಾವುದೋ ಊರಿನ ಹೆಸರು, ಯಾರೋ ಅಮಲ್ದಾರರ ಹೆಸರು ಗೀಚಿದ್ದರೆ ಅದು ಆ ಕ್ಯಾಂಪಿನ ಮಾತು. ಅದೇ ಹಾಳೆಯ ನಡುವೆ ಒಂದು ಹ್ಯಾಂಡ್‌ಬಿಲ್ಲು ಮಡಚಿಟ್ಟಿದ್ದರೆ ತಾರೀಖೂ ಸಿಕ್ಕಿತು. ಹ್ಯಾಂಡ್‌ಬಿಲ್ಲುಗಳನ್ನೆಲ್ಲ ಒಂದು ಕಡೆ, ನೋಟ್‌ಬುಕ್ಕುಗಳನ್ನೆಲ್ಲ ಒಂದು ಕಡೆ ಅಂತ ನೀಟಾಗಿ ಬೇರೆ ಮಾಡಿಬಿಟ್ಟರೆ ಈ ನಂಟು ಹೋಯಿತು. ಆದ್ದರಿಂದ ಇದ್ದ ಹಾಗೇ ಇರಲಿ. ತೆಗೆಯುವ ಮುಂಚೆ ಫೋನಿನಲ್ಲಿ ಫೋಟೋ, ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ನಂಬರು. ಪೆನ್ನು ಬೇಡ.

ಬೆಂಗಳೂರು ಆಕಾಶವಾಣಿ ಶುರುವಾದದ್ದು 1955ರ ನವೆಂಬರಿನಲ್ಲಿ. ಅಲ್ಲಿಂದ ಬಂದ ಕಾಂಟ್ರ್ಯಾಕ್ಟ್ ಹಾಳೆಗಳಿದ್ದರೆ ಸುಮ್ನೆ ಆಫೀಸ್ ಕಾಗದ ಅಂದುಕೊಳ್ಳಬೇಡಿ. ಪ್ರಸಾರದ ದಿನ, ಸಂಭಾವನೆ ಅದರಲ್ಲೇ ಇರುತ್ತೆ. ಸ್ಕ್ರಿಪ್ಟಿನಲ್ಲಿ ತಾರೀಖು ಹಾಕುವ ಅಭ್ಯಾಸ ಜಾಸ್ತಿ ಜನಕ್ಕಿಲ್ಲ.

ಜೋಕಿಗೆಲ್ಲ ಇಷ್ಟು ಜತನವಾ ಅಂತ ಅಣ್ಣ ಕೇಳಿದರೆ ಅಮೆರಿಕದ ಇನ್ನೊಬ್ಬ ನಗೆಗಾರ ಬಾಬ್ ಹೋಪ್ ಹೆಸರು ಹೇಳಿ. ಅವನೂ ವಾಡ್‌ವಿಲ್ಲಿನಿಂದ ರೇಡಿಯೋಗೆ ಬಂದವನೇ. ಬೆಂಕಿ, ಕಳ್ಳರ ಭಯವಿಲ್ಲದ ಕೋಣೆ ಕಟ್ಟಿಸಿ ಜೋಕುಗಳನ್ನು ಇಟ್ಟಿದ್ದ. 85,000ಕ್ಕೂ ಹೆಚ್ಚು ಪುಟ! ಈಗ ಅವು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.

ಇನ್ನು ಕೆಲಸದ ಮಾತು. ತುಕ್ಕು ಹಿಡಿದ ಗುಂಡುಸೂಜಿ ನಿಧಾನವಾಗಿ ತೆಗೆಯಿರಿ. ಸೆಲೋಟೇಪು, ಲ್ಯಾಮಿನೇಶನ್ ಎರಡೂ ಬೇಡವೇ ಬೇಡ. ಬಿಸಿಲಿಗೂ ಹರಡಬೇಡಿ, ಇಂಕು ಮಾಸುತ್ತೆ. ಮಳೆಗಾಲಕ್ಕೆ ಮುಂಚೆ ಟ್ರಂಕು ಅಟ್ಟದಿಂದ ಇಳಿಯಲಿ, ಗೋಡೆಗೆ ತಾಗದ ಹಾಗೆ ಇಡಿ.

ಯಾವುದಾದರೂ ಸಂಸ್ಥೆಗೆ ಕೊಡುವ ಮನಸ್ಸಿದ್ದರೆ ಪಟ್ಟಿಯ ಎರಡು ಪ್ರತಿ ಮಾಡಿ, ಒಂದಕ್ಕೆ ಅವರ ಸಹಿ ಹಾಕಿಸಿಕೊಳ್ಳಿ. ಕಾಗದ ಕೊಟ್ಟ ಮಾತ್ರಕ್ಕೆ ಕಾಪಿರೈಟ್ ಕೊಟ್ಟ ಹಾಗಲ್ಲ. ಅದನ್ನು ಬೇರೆಯಾಗಿ ಬರೆಸಿ.

ಅಣ್ಣನ ಪುಸ್ತಕವೂ ಬರಲಿ, ನನಗೂ ಒಂದು ಪ್ರತಿ ಬೇಕು. ಟೈಪ್ ಮಾಡುವವರಿಗೆ ಮಾತ್ರ ಫೋಟೋ ಕೊಡಿ, ಮೂಲ ಹಾಳೆ ಮನೆ ಬಿಟ್ಟು ಹೋಗಬಾರದು.