ಸೇರು ಬೇರೆ, ಕಿಲೋ ಬೇರೆ

ಪ್ರಿಯ ಲೇಖಕರೇ,

ಕಾಸರಗೋಡಿನ ಬಡತನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ಎಣ್ಮಕಜೆಯ ಮನೆಗಳಿಗೆ ನೀವೇ ಹೋಗಿ ಕೂತು ಮಾತಾಡಿದ್ದೀರಿ, ಸಂತೋಷ. ಆದರೆ ಎರಡನೇ ಪುಟಕ್ಕೆ ಬರುವಾಗಲೇ ನನಗೆ ಸಿಟ್ಟು ಬಂತು.

‘ಕೇರಳದ ಬಡತನ ಹತ್ತು ವರ್ಷದಲ್ಲಿ ಶೇ. 7.05ರಿಂದ ಶೇ. 0.55ಕ್ಕೆ ಇಳಿಯಿತು’ ಅಂತ ಬರೆದಿದ್ದೀರಿ. ಎರಡು ಅಂಕಿಯೂ ಸರಿ, ವಾಕ್ಯ ತಪ್ಪು. 7.05 ಅನ್ನುವುದು 2011-12ರದ್ದು, ಅರ್ಥಶಾಸ್ತ್ರಜ್ಞ ಸುರೇಶ್ ತೆಂಡೂಲ್ಕರ್ ಸಮಿತಿ ಹೇಳಿದ ಬಡತನ ರೇಖೆಯ ಲೆಕ್ಕ. ಅದು ನೋಡಿದ್ದು ಮನೆಯ ಖರ್ಚನ್ನು. 0.55 ನೀತಿ ಆಯೋಗದ ಬಹುಆಯಾಮ ಬಡತನ ಸೂಚ್ಯಂಕದ್ದು, 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ತೆಗೆದದ್ದು. ಅದರಲ್ಲಿ ಖರ್ಚಿನ ಮಾತೇ ಇಲ್ಲ. ಪೌಷ್ಟಿಕತೆ, ಶಾಲೆ, ಶೌಚಾಲಯ, ಕರೆಂಟು, ಬ್ಯಾಂಕ್ ಖಾತೆ, ಹೀಗೆ 12 ವಿಷಯ ನೋಡುತ್ತಾರೆ. ಹೋದ ವರ್ಷ ಅಕ್ಕಿಯನ್ನು ಸೇರಿನಲ್ಲಿ ಅಳೆದು, ಈ ವರ್ಷ ಕಿಲೋದಲ್ಲಿ ತೂಗಿ, ‘ಅಕ್ಕಿ ಕಮ್ಮಿಯಾಯ್ತು’ ಅಂದ ಹಾಗಾಯ್ತು ಅಲ್ವಾ? ಅದೇ ಸೂಚ್ಯಂಕದಲ್ಲಿ 2015-16ರಲ್ಲೂ ಕೇರಳದ ಅಂಕಿ ಶೇ. 1ಕ್ಕಿಂತ ಕೆಳಗೇ ಇತ್ತು. ನೀವು ತೋರಿಸಿದ ಆ ದೊಡ್ಡ ಇಳಿತ ಎಲ್ಲಿ ಹೋಯಿತು?

ಮುಂದೆ ನಾಲ್ಕನೇ ಪುಟ. ಪೆರ್ಲದ ಹತ್ತಿರ ಬೀಡಿ ಕಟ್ಟುವ ಆ ಹೆಂಗಸು. ‘ಕರೆಂಟು, ಗ್ಯಾಸ್, ಶೌಚಾಲಯ ಎಲ್ಲ ಇದ್ದರೂ ಅರಿವಿನ ಕೊರತೆಯಿಂದ ಸಾಲದಲ್ಲಿದ್ದಾರೆ’ ಅಂತ ಬರೆದಿರಿ. ಈ ಸಾಲನ್ನು ಮೂರು ಸಲ ಓದಿದೆ. ಅದರ ಮೇಲಿನ ಪ್ಯಾರಾದಲ್ಲಿ ನೀವೇ ಹೇಳಿದ್ದೇನು? ಕೂಲಿ ಸಾವಿರ ಬೀಡಿ ಲೆಕ್ಕದಲ್ಲಿ. ಸರಿಯಿಲ್ಲ ಅಂತ ಒಂದಷ್ಟನ್ನು ಪಕ್ಕಕ್ಕೆ ಹಾಕುತ್ತಾರೆ. ಮಗನನ್ನು ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕಾರಣ ನಿಮ್ಮ ಕೈಯಲ್ಲೇ ಇತ್ತು, ಬಿಟ್ಟುಬಿಟ್ಟಿರಿ. ಆ 12 ವಿಷಯಗಳಲ್ಲಿ ಸಾಲ ಇಲ್ಲ. ಹಾಗಾಗಿ ಆ ಸೂಚ್ಯಂಕದ ಕಣ್ಣಿಗೆ ಈಕೆ ಬಡವರಾಗಿ ಕಾಣದೇ ಇರಬಹುದು. ನಿಮ್ಮ ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ.

ನಾನೂ ಬರೆಯಲು ಕಲಿಯುವ ಕಾಲದಲ್ಲಿ ಬದಿಯಡ್ಕದ ಕಡೆ ಒಂದು ಸಮೀಕ್ಷೆಯ ಫಾರಂ ತುಂಬಿಸುತ್ತಾ ತಿರುಗಿದ್ದೆ. ‘ಕಳೆದ 30 ದಿನದಲ್ಲಿ ಅಕ್ಕಿಗೆ ಎಷ್ಟು ಖರ್ಚು?’ ಒಬ್ಬ ಅಜ್ಜಿ ಒಳಗಿಂದ ಅಂಗಡಿಯ ಲೆಕ್ಕದ ಪುಸ್ತಕ ತಂದು ಕೊಟ್ಟರು. ಮೂಲೆಯೆಲ್ಲ ಎಣ್ಣೆ ಹಿಡಿದಿತ್ತು. ಮೊತ್ತ ನೋಡಿ ಬರೆದುಕೊಂಡೆ. ಮೆಟ್ಟಿಲು ಇಳಿಯುವಾಗ ಅವರು ಹೇಳಿದರು: ‘ಅದು ಕೊಟ್ಟದ್ದಲ್ಲ ಮಗಾ, ಕೊಡ್ಲಿಕ್ಕಿರುವುದು.’ ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ. ಮೇಲಿನವರು ಅದನ್ನು ಉಜ್ಜಿ ಅಳಿಸಿದರು. ನಾನು ಸುಮ್ನೆ ನೋಡುತ್ತಾ ನಿಂತೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಕೇಳುವ ರೀತಿ ಬದಲಾದರೂ ಅಂಕಿ ಬದಲಾಗುತ್ತದೆ. 1999-2000ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಊಟದ ಖರ್ಚನ್ನು 7 ದಿನಕ್ಕೂ 30 ದಿನಕ್ಕೂ ಒಟ್ಟಿಗೇ ಕೇಳಿದರು. ದೇಶದ ಬಡತನ ಶೇ. 36ರಿಂದ 26ಕ್ಕೆ ಬಂತು ಅಂದರು. ಅದರಲ್ಲಿ ನಿಜವಾದ ಇಳಿತ ಎಷ್ಟು ಅಂತ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ವಾದ ಮಾಡಿದರು.

ಉಳಿದ ಪುಟಗಳನ್ನು ಈಗ ಮುಟ್ಟಬೇಡಿ. ಆ ಹೆಂಗಸಿನ ಮನೆಗೆ ಇನ್ನೊಮ್ಮೆ ಹೋಗಿ. ವಾರಕ್ಕೆ ಎಷ್ಟು ಸಾವಿರ ಕಟ್ಟುತ್ತಾರೆ, ಎಷ್ಟು ಬೀಡಿ ವಾಪಸ್ ಬರುತ್ತದೆ, ಮಂಗಳೂರಿಗೆ ಹೋಗಿಬರಲು ಎಷ್ಟು, ಸಾಲ ಯಾರ ಹತ್ತಿರ, ಬಡ್ಡಿ ಎಷ್ಟು, ಎಲ್ಲ ಕೇಳಿಕೊಂಡು ಬನ್ನಿ. ಮಳೆಗಾಲದ ಸಂಚಿಕೆಯಲ್ಲಿ ನಿಮಗೆ ಆರು ಪುಟ ಇಟ್ಟಿರುತ್ತೇನೆ.